ಅಳಿಸಿದ ಗೆರೆಗಳನ್ನೂ ತೋರಿಸಿ

ಕೆಲವು ವರ್ಷಗಳ ಹಿಂದೆ ನಾನೊಂದು ಸಣ್ಣ ಗೇಮ್ ಕಂಪನಿಯಲ್ಲಿ ಪ್ರೋಗ್ರಾಮರ್ ಆಗಿದ್ದೆ. ಫೋನಿನಲ್ಲಿ ಇಬ್ಬರು ಆಡುವ ಚಿತ್ರದ ಆಟವೊಂದನ್ನು ಮಾಡುವ ಕೆಲಸ ನಮ್ಮ ತಂಡಕ್ಕೆ ಬಂತು. ಆಟ ಕೊಟ್ಟ ಪದಕ್ಕೆ ಒಬ್ಬರು ಬೆರಳಲ್ಲಿ ಚಿತ್ರ ಬಿಡಿಸಬೇಕು, ಇನ್ನೊಬ್ಬರು ಅದೇನು ಅಂತ ಹೇಳಬೇಕು. ಅಷ್ಟೇ.

ಎಲ್ಲರ ತಲೆಯಲ್ಲೂ ಇದ್ದದ್ದು ಇಂಥದೇ ಆಟವಾದ 'ಡ್ರಾ ಸಮ್‌ಥಿಂಗ್'. 2012ರ ಫೆಬ್ರವರಿಯಲ್ಲಿ ಬಂದ ಆ ಆಟವನ್ನು ಸುಮಾರು 50 ದಿನಗಳಲ್ಲಿ 5 ಕೋಟಿ ಸಲ ಡೌನ್‌ಲೋಡ್ ಮಾಡಿಕೊಂಡಿದ್ದರು. ಮಾರ್ಚ್‌ನಲ್ಲೇ ಜಿಂಗಾ ಕಂಪನಿ ಅದರ ತಯಾರಕರಾದ ಓಎಂಜಿಪಾಪ್ ಅನ್ನು ಕೊಂಡುಕೊಂಡಿತು. 2013ರಲ್ಲಿ ಓಎಂಜಿಪಾಪ್‌ನ ಬಾಗಿಲೂ ಮುಚ್ಚಿತು, ಅದು ಬೇರೆ ಮಾತು. ನಮ್ಮ ಬಾಸ್‌ಗೆ ಆ ಮೊದಲ 50 ದಿನ ಮಾತ್ರ ನೆನಪಿತ್ತು.

ನಾನು ಬ್ರಶ್, ಬಣ್ಣಗಳ ಮೇಲೆ ತುಂಬಾ ದಿನ ಕೂತೆ. ಮುಗಿದ ಚಿತ್ರವನ್ನು ಫೋಟೋ ಥರ ಎದುರಿನವರಿಗೆ ಕಳಿಸುವುದು, ಅವರು ನೋಡಿ ಊಹಿಸುವುದು. ಟೆಸ್ಟಿಂಗ್‌ಗೆ ಕೊಟ್ಟರೆ ಎರಡು ಸುತ್ತು ಆಡಿ ಫೋನ್ ಕೆಳಗಿಡುತ್ತಿದ್ದರು. ಯಾರೂ ನಗಲಿಲ್ಲ.

ನಗು ಕೇಳಿಸಿದ್ದು ಬೇರೆ ಮೇಜಿನಿಂದ. ಒಬ್ಬರು ಬಿಡಿಸುತ್ತಿದ್ದರೆ ಪಕ್ಕದವರು ಕದ್ದು ನೋಡುತ್ತಾ, 'ಅಯ್ಯೋ, ಅದೇನು ಕಾಲಾ?' ಅಂತಿದ್ದರು. ನಾವು ಇದನ್ನೇ ಬಿಸಾಕಿದ್ದೆವು ನೋಡಿ! ಡ್ರಾ ಸಮ್‌ಥಿಂಗ್‌ನಲ್ಲಿ ಚಿತ್ರ ಗೆರೆ ಗೆರೆಯಾಗಿ ಮೂಡುವುದು ಕಾಣುತ್ತಿತ್ತು. ನಾನೂ ಅದನ್ನು ಆಡಿದ್ದೆ, ಗಮನಿಸಿರಲಿಲ್ಲ.

ಚಿತ್ರ ಕಳಿಸುವುದನ್ನು ಬಿಟ್ಟೆವು. ಬೆರಳು ಎಲ್ಲಿತ್ತು, ಯಾವಾಗ ಇತ್ತು, ಯಾವ ಬಣ್ಣ ಹಿಡಿದಿತ್ತು, ಇಷ್ಟನ್ನೇ ಕಳಿಸಿದೆವು. ಡೇಟಾ ಕೂಡ ಕಡಿಮೆಯಾಯಿತು. ಆದರೆ ಒಬ್ಬರು ಅರ್ಧ ಬಿಡಿಸಿ ಫೋನ್ ಕರೆಗೆ ಎದ್ದು ಹೋಗಿದ್ದರು. ಆ ಕಡೆ ನೋಡುವವರಿಗೆ ನಾಲ್ಕು ನಿಮಿಷ ಪರದೆ ಅಲ್ಲಾಡಲೇ ಇಲ್ಲ! ಸಿಟ್ಟಿನಲ್ಲಿ ನಾನು ಎಲ್ಲ ನಿಲುಗಡೆಗಳನ್ನೂ ಕತ್ತರಿಸಿಬಿಟ್ಟೆ. ಈಗ ಚಿತ್ರ ಪಟಪಟ ಮೂಡಿತು, ಯಂತ್ರ ಬಿಡಿಸಿದ ಹಾಗೆ. ಮತ್ತೆ ಸಪ್ಪೆ. ತಡವರಿಕೆಯಲ್ಲೇ ಮಜಾ ಇತ್ತು ಅಲ್ವಾ? ಕೊನೆಗೆ, ಒಂದೂವರೆ ಸೆಕೆಂಡಿಗಿಂತ ಉದ್ದದ ನಿಲುಗಡೆಯನ್ನು ಒಂದೂವರೆಗೇ ಇಳಿಸಿ, ಸಣ್ಣವನ್ನು ಹಾಗೇ ಬಿಟ್ಟೆ. ಇಡೀ ಆಟದಲ್ಲಿ ನಾನು ಬರೆದ ಅತಿ ಉಪಯೋಗದ ಸಾಲು ಬಹುಶಃ ಅದೇ.

ಕೆಲವರು ಚಿತ್ರದ ಬದಲು ಪದವನ್ನೇ ಗೀಚಿಬಿಡುತ್ತಿದ್ದರು. ತಡೆಯಬೇಕೇ ಅಂತ ಒಂದು ಮೀಟಿಂಗ್ ಪೂರ್ತಿ ಹೋಯಿತು. ಸರಿಯಾಗಿ ಊಹಿಸಿದರೆ ಇಬ್ಬರಿಗೂ ಒಂದೇ ಅಂಕ, ಸೋಲುವವರೇ ಇಲ್ಲ. ಮೋಸ ಯಾರಿಗೆ? ಸುಮ್ನೆ ಬಿಟ್ಟೆವು.

ದೊಡ್ಡ ಜಗಳ ಆದದ್ದು ರಬ್ಬರ್ ವಿಷಯದಲ್ಲಿ. ಅಳಿಸಿದ ಗೆರೆಗಳು ಕಾಣಬಾರದು, ಚಿತ್ರ ಚೊಕ್ಕವಾಗಿರಬೇಕು ಅಂತ ಬಾಸ್. ಕಾಣಲೇಬೇಕು ಅಂತ ನಾನು. ತೀರ್ಮಾನ ಆಗಲಿಲ್ಲ. ಆ ಸಂಜೆ ಅವರಿಗೇ 'ಕುದುರೆ' ಬಂತು. ಕಾಲುಗಳನ್ನು ಮೂರು ಸಲ ಬಿಡಿಸಿ ಮೂರು ಸಲ ಅಳಿಸಿದರು. ಕೊನೆಗೆ ಕುದುರೆಯ ಹೊಟ್ಟೆಯವರೆಗೂ ಎತ್ತರದ ಹುಲ್ಲು ಗೀಚಿ ಕಳಿಸಿದರು. ಆಚೆ ಮೇಜಿನಲ್ಲಿ ನಾಲ್ಕೈದು ಜನ ಒಂದೇ ಫೋನಿಗೆ ಬಗ್ಗಿ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. 'ಇನ್ನೊಂದು ಸಲ ಹಾಕು' ಅಂತ ಒಬ್ಬರು ಕೂಗಿದರು.

ಬಾಸ್ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು: 'ಅಳಿಸಿದ್ದು ಕಾಣಲಿ ಬಿಡು. ಆದರೆ ಈ ಒಂದನ್ನು ಡಿಲೀಟ್ ಮಾಡೋಕಾಗುತ್ತಾ?'