ಗಿಟಾರೇ ಇಲ್ಲದೆ ಮೆಟಲ್ ಹೇಗೆ? ನೆಕ್ರೊಮಾಂಟಿಯಾ ಬಗ್ಗೆ ಎಲ್ಲರೂ ಕೇಳುವ ಪ್ರಶ್ನೆಗೆ ಉತ್ತರ

ಗ್ರೀಸಿನ ಬ್ಲ್ಯಾಕ್ ಮೆಟಲ್ (ಮೆಟಲ್ ಸಂಗೀತದ ಒರಟು, ಕರಾಳ ಬಗೆ) ಎಂದರೆ ಹೆಚ್ಚಿನವರಿಗೆ ರಾಟಿಂಗ್ ಕ್ರೈಸ್ಟ್ ಬ್ಯಾಂಡ್ ಗೊತ್ತು, ಅಲ್ಲಿಗೆ ಮುಗಿಯಿತು. ಇನ್ನೂ ಸ್ವಲ್ಪ ಮುಂದೆ ಹೋದವರು ನೆಕ್ರೊಮಾಂಟಿಯಾ ಹೆಸರು ಕೇಳಿರುತ್ತಾರೆ, ಅದರ ಹಿಂದೆಯೇ ಈ ಪ್ರಶ್ನೆ: "ಆ ಬ್ಯಾಂಡಿನಲ್ಲಿ ರಿದಮ್ ಗಿಟಾರ್ ಇಲ್ಲವಂತೆ, ಬರೀ ಎರಡು ಬಾಸ್ ಅಂತೆ. ನಿಜವೇ? ಹಾಗಾದರೆ ಕೇಳಿಸುತ್ತಿರುವುದೇನು?"

ನಿಜ. 1989ರಲ್ಲಿ ಅಥೆನ್ಸಿನಲ್ಲಿ ಇದನ್ನು ಕಟ್ಟಿದವರು ಇಬ್ಬರು, ಇಬ್ಬರೂ ಬಾಸ್ (ಗಿಟಾರಿನಂತೆಯೇ ಇದ್ದು ತಗ್ಗಿನ ಸ್ವರ ಕೊಡುವ ವಾದ್ಯ) ನುಡಿಸುವವರು. ಮೇಗಸ್ ಎಂಬ ವೇದಿಕೆ ಹೆಸರಿನವರದು ನಾಲ್ಕು ತಂತಿಯ ಬಾಸ್ ಮತ್ತು ಗಾಯನ. ಬ್ಯಾರನ್ ಬ್ಲಡ್ ಅವರದು ಎಂಟು ತಂತಿಯ ಬಾಸ್. ಎಲೆಕ್ಟ್ರಿಕ್ ಗಿಟಾರ್ ಬಂದರೆ ಸೋಲೋಗೆ ಮಾತ್ರ, ಅದೂ ಅತಿಥಿಯ ಹಾಗೆ. ರಿಫ್ (ಮತ್ತೆ ಮತ್ತೆ ಬರುವ ಸ್ವರಸಾಲು) ಹೊರುವ, ಅಂದರೆ ರಿದಮ್ ಗಿಟಾರಿನ, ಕೆಲಸವೆಲ್ಲ ಬಾಸುಗಳದ್ದು.

ಗುಟ್ಟಿರುವುದು ಎಂಟು ತಂತಿಯಲ್ಲಿ. ಎಂಟು ಎಂದರೆ ಎಂಟು ಬೇರೆ ಬೇರೆ ಸ್ವರಗಳಲ್ಲ, ನಾಲ್ಕು ಜೋಡಿ. ಪ್ರತಿ ಜೋಡಿಯಲ್ಲಿ ಒಂದು ದಪ್ಪ ತಂತಿ, ಅದರ ಪಕ್ಕದಲ್ಲೇ ಒಂದು ಸ್ಥಾಯಿ ಮೇಲಕ್ಕೆ ಶ್ರುತಿ ಮಾಡಿದ ತೆಳು ತಂತಿ. ಒಂದೇ ಬೆರಳು ಎರಡನ್ನೂ ಒತ್ತುತ್ತದೆ, ಒಂದೇ ಪಿಕ್ ಎರಡನ್ನೂ ಮೀಟುತ್ತದೆ. ಬಾಸಿನ ಅತಿ ಕೆಳಗಿನ ಇ ತಂತಿ ಸುಮಾರು 41 ಹರ್ಟ್ಜ್, ಅಂದರೆ ಸೆಕೆಂಡಿಗೆ 41 ಕಂಪನ. ಅದರ ಜೋಡಿ 82 ಹರ್ಟ್ಜ್, ಅಂದರೆ ಸಾಮಾನ್ಯ ಗಿಟಾರಿನ ಕೆಳಗಿನ ಇ ತಂತಿಯದೇ ಸ್ವರ. ಗಿಟಾರ್ ಇಲ್ಲ ಎನ್ನುತ್ತೇವೆ, ಆದರೆ ಗಿಟಾರಿನ ಜಾಗ ಖಾಲಿಯಾಗಿಲ್ಲ.

ಈ ಜೋಡಿ ತಂತಿ ಬರೀ ಅಲಂಕಾರ ಅಂದುಕೊಂಡವರು ಒಂದು ಲೆಕ್ಕ ಹಾಕಬೇಕು. ನಿಮಿಷಕ್ಕೆ 180 ಬಡಿತದ ವೇಗದಲ್ಲಿ, ಬಡಿತಕ್ಕೆ ನಾಲ್ಕರಂತೆ ಪಿಕ್ ಓಡಿಸಿದರೆ ಸೆಕೆಂಡಿಗೆ 12 ಮೀಟು. ಒಂದು ಮೀಟಿಗೆ ಸಿಗುವುದು ಸುಮಾರು 83 ಮಿಲಿಸೆಕೆಂಡ್. ಅಷ್ಟರಲ್ಲಿ 41 ಹರ್ಟ್ಜಿನ ತಂತಿ ಮೂರೂವರೆ ಸಲವೂ ಪೂರ್ತಿ ಕಂಪಿಸುವುದಿಲ್ಲ. ಕಿವಿಗೆ ಸ್ವರ ಹಿಡಿಯಲು ಅದು ಸಾಲದು, ಬರೀ ಗುಡುಗುಡು ಸದ್ದಾಗುತ್ತದೆ. ತೆಳು ತಂತಿ ಅದೇ ಹೊತ್ತಿನಲ್ಲಿ ಏಳು ಸಲದ ಹತ್ತಿರ ಕಂಪಿಸುತ್ತದೆ. ವೇಗದ ಭಾಗಗಳಲ್ಲಿ ರಾಗ ಗುರುತಿಗೆ ಸಿಗುವುದು ಈ ತೆಳು ತಂತಿಯ ದೆಸೆಯಿಂದ, ದಪ್ಪ ತಂತಿ ಕೊಡುವುದು ತೂಕ.

ಮನೆಯಲ್ಲಿ ಇದನ್ನು ಮಾಡಿ ನೋಡುವವರಿಗೆ ಮೊದಲು ಕೈಕೊಡುವುದು ಪವರ್ ಕಾರ್ಡ್, ಅಂದರೆ ಒಂದು ಸ್ವರವನ್ನೂ ಅದರ ಪಂಚಮವನ್ನೂ ಒಟ್ಟಿಗೆ ನುಡಿಸುವುದು. ಗಿಟಾರಿನಲ್ಲಿ ಕೆಳಗಿನ ಇ ಮತ್ತು ಅದರ ಪಂಚಮವನ್ನು, ದನಿಯನ್ನು ಬೇಕೆಂದೇ ಒರಟಾಗಿಸುವ ಡಿಸ್ಟಾರ್ಷನ್‌ಗೆ ಕೊಟ್ಟರೆ ಎರಡರ ವ್ಯತ್ಯಾಸದಷ್ಟು, ಅಂದರೆ 41 ಹರ್ಟ್ಜಿನ ಹೊಸ ಸ್ವರವೊಂದು ಅಡಿಯಲ್ಲಿ ಹುಟ್ಟುತ್ತದೆ. ಗಿಟಾರ್ ಭಾರವಾಗಿ ಕೇಳಿಸುವುದಕ್ಕೆ ಅದೂ ಒಂದು ಕಾರಣ. ಅದನ್ನೇ ಬಾಸಿನಲ್ಲಿ ಕೆಳಗೆ ಹಿಡಿದರೆ ಹುಟ್ಟುವುದು 20 ಹರ್ಟ್ಜಿನ ಆಸುಪಾಸು. ಅದು ಕಿವಿಗೆ ಸ್ವರವಾಗಿ ಕೇಳುವುದಿಲ್ಲ, ಆಂಪ್ಲಿಫೈಯರಿನ ಶಕ್ತಿಯನ್ನು ಮಾತ್ರ ತಿಂದು ಎಲ್ಲವನ್ನೂ ಕೆಸರು ಮಾಡುತ್ತದೆ. ಕಾರ್ಡುಗಳನ್ನು ಹನ್ನೆರಡನೇ ಫ್ರೆಟ್ಟಿನ (ಕುತ್ತಿಗೆಯ ಮೇಲಿನ ಅಡ್ಡಪಟ್ಟಿ) ಸುತ್ತ ಮೇಲೆ ಹಿಡಿಯಿರಿ, ಕೆಳಗಡೆ ಒಂಟಿ ಸ್ವರಗಳು ಸಾಕು. ಬಾಸುಗಳು ಎರಡಿದ್ದರೆ ಈ ಕೆಲಸ ಹಂಚಿಕೊಳ್ಳಬಹುದು.

ಎರಡನೆಯದು ಡಿಸ್ಟಾರ್ಷನ್ ಪೆಡಲ್. ಬಾಸಿನ ಪೂರ್ತಿ ಸದ್ದನ್ನು ಹಾಗೇ ನುಗ್ಗಿಸಿದರೆ ದಪ್ಪ ತಂತಿ ಮೊದಲು ಮಿತಿ ಮುಟ್ಟುತ್ತದೆ. ಅದರ ಪ್ರತಿ ಅಲೆಯೂ ಮೇಲಿನ ತಂತಿಯ ದನಿಯನ್ನು ಕತ್ತರಿಸುತ್ತ ಹೋಗುತ್ತದೆ, ಕೇಳಲು ಹರಿದ ಸ್ಪೀಕರಿನಂತಿರುತ್ತದೆ. ಸದ್ದನ್ನು ಎರಡು ದಾರಿಯಾಗಿ ಒಡೆಯುವುದೇ ಪರಿಹಾರ. ಸುಮಾರು 120 ಹರ್ಟ್ಜಿಗಿಂತ ಕೆಳಗಿನದು ಶುದ್ಧವಾಗಿ ಹೋಗಲಿ, ಮೇಲಿನದು ಮಾತ್ರ ಪೆಡಲಿಗೆ ಹೋಗಲಿ. ಎರಡನ್ನೂ ಮತ್ತೆ ಸೇರಿಸಿದಾಗ ದನಿ ಸೊರಗಿದಂತಿದ್ದರೆ ಒಂದರ ಫೇಸ್ ತಿರುಗಿಸಿ, ಅಂದರೆ ಅದರ ಅಲೆಯನ್ನು ತಲೆಕೆಳಗು ಮಾಡಿ ಕೇಳಿ.

ಶ್ರುತಿಯದು ದೊಡ್ಡ ರಗಳೆ. ತೆಳು ತಂತಿ 82.4ರ ಬದಲು 83.4ರಲ್ಲಿದ್ದರೆ ದಪ್ಪ ತಂತಿಯ ಎರಡನೇ ಹಾರ್ಮೋನಿಕ್‌ನೊಂದಿಗೆ (ಮೂಲ ಕಂಪನದ ಎರಡು ಪಟ್ಟಿನ ಉಪಸ್ವರ) ತಾಕಿ ಸೆಕೆಂಡಿಗೊಂದು ಅಲುಗಾಟ ಹುಟ್ಟುತ್ತದೆ. ಶುದ್ಧ ದನಿಯಲ್ಲಿ ಅದು ಇಂಪು ಕೂಡ ಅನ್ನಿಸಬಹುದು, ಡಿಸ್ಟಾರ್ಷನ್ ಹಾಕಿದ ಕೂಡಲೇ ಅಪಸ್ವರ. ಬೆರಳು ಒತ್ತದ ಬರೀ ತಂತಿಯಲ್ಲಿ ಸರಿಯಿದ್ದು ಮೇಲಿನ ಫ್ರೆಟ್ಟುಗಳಲ್ಲಿ ಕೆಟ್ಟರೆ ಬ್ರಿಡ್ಜ್ ನೋಡಿ. ತೆಳು ತಂತಿಯ ಸ್ಯಾಡಲ್ (ಬ್ರಿಡ್ಜಿನಲ್ಲಿ ತಂತಿ ಕೂರುವ ತುಂಡು) ದಪ್ಪದ್ದಕ್ಕಿಂತ ಸ್ವಲ್ಪ ಮುಂದೆ, ಕುತ್ತಿಗೆಯ ಕಡೆಗೆ ಇರಬೇಕು. ಜೋಡಿಗೆ ಒಂದೇ ಸ್ಯಾಡಲ್ ಕೊಟ್ಟಿರುವ ಬಾಸುಗಳಲ್ಲಿ ಇದು ಪೂರ್ತಿ ಸರಿಹೋಗುವುದೇ ಇಲ್ಲ. ಕೊಳ್ಳುವ ಮುಂಚೆ ಇದನ್ನೊಂದು ನೋಡಿಕೊಳ್ಳಿ.

ಇನ್ನು ರೆಕಾರ್ಡಿಂಗುಗಳು. 1992ರಲ್ಲಿ ಬ್ಲ್ಯಾಕ್ ಪವರ್ ರೆಕಾರ್ಡ್ಸ್ ಹೊರತಂದ ಎಲ್‌ಪಿಯಲ್ಲಿ ಒಂದು ಬದಿ ವಾರಾಥ್ರಾನ್ ಎಂಬ ಬ್ಯಾಂಡ್, ಇನ್ನೊಂದು ಬದಿ ನೆಕ್ರೊಮಾಂಟಿಯಾದ 'ದಿ ಬ್ಲ್ಯಾಕ್ ಆರ್ಟ್ಸ್'. ಆಮೇಲೆ ಫ್ರಾನ್ಸಿನ ಆಸ್ಮೋಸ್ ಪ್ರೊಡಕ್ಷನ್ಸ್ ಮೂಲಕ 1993ರಲ್ಲಿ 'ಕ್ರಾಸಿಂಗ್ ದಿ ಫಯರಿ ಪಾತ್', 1995ರಲ್ಲಿ 'ಸ್ಕಾರ್ಲೆಟ್ ಈವಿಲ್ ವಿಚಿಂಗ್ ಬ್ಲ್ಯಾಕ್'. ನನ್ನ ಮಟ್ಟಿಗೆ ಬ್ಯಾಂಡಿನ ಶಿಖರ ಈ 1995ರದ್ದೇ. ಬಾಸುಗಳಿಗೂ ಕೀಬೋರ್ಡಿಗೂ ಜಾಗದ ಜಗಳವೇ ಇಲ್ಲ. ಗಿಟಾರ್ ಬಿಟ್ಟುಕೊಟ್ಟ ನಡುಸ್ಥಾಯಿಯ ಅಂಗಳ ಕೀಬೋರ್ಡಿಗೆ ಸಿಕ್ಕಿದೆ. ಅದೇ ಕಾಲದ ನಾರ್ವೆಯ ಆಲ್ಬಮ್ಮುಗಳ ಜೇನುಗೂಡಿನಂಥ ಗಿಟಾರ್ ಸದ್ದಿನ ಪಕ್ಕದಲ್ಲಿಟ್ಟು ಕೇಳಿದರೆ ಗ್ರೀಕರ ದಾರಿಯೇ ಬೇರೆ ಎಂಬುದು ತಿಳಿಯುತ್ತದೆ. ಮೇಗಸ್ ಸ್ವತಃ ಆರಂಭದ ದಿನಗಳ ರಾಟಿಂಗ್ ಕ್ರೈಸ್ಟ್‌ನಲ್ಲಿ ಕೀಬೋರ್ಡ್ ನುಡಿಸಿದವರು, ಆ ವಾದ್ಯದ ಅಳತೆ ಅವರಿಗೆ ಗೊತ್ತು.

1997ರ 'ಏನ್ಷಂಟ್ ಪ್ರೈಡ್' ಚಿಕ್ಕದು. ಅದರಲ್ಲಿ ಮ್ಯಾನೊವಾರ್ ಬ್ಯಾಂಡಿನ ಹಾಡೊಂದನ್ನು ನುಡಿಸಿದ್ದಾರೆ. ಬಾಸನ್ನು ಮುಂಚೂಣಿಗೆ ತಂದ ಬ್ಯಾಂಡಿಗೆ ಬಾಸುಗಳ ಬ್ಯಾಂಡ್ ಸಲ್ಲಿಸಿದ ನಮಸ್ಕಾರ ಅನ್ನಬಹುದು. 2000ದಲ್ಲಿ 'ಮ್ಯಾಲಿಸ್', 2007ರಲ್ಲಿ 'ದಿ ಸೌಂಡ್ ಆಫ್ ಲೂಸಿಫರ್ ಸ್ಟಾರ್ಮಿಂಗ್ ಹೆವೆನ್'. ಇವನ್ನು ಮೊದಲು ಕೇಳಬೇಡಿ. 2019ರಲ್ಲಿ ಬ್ಯಾರನ್ ಬ್ಲಡ್ ತೀರಿಕೊಂಡರು. ಗೆಳೆಯನ ನೆನಪಿಗೆ ಮೇಗಸ್ 2021ರಲ್ಲಿ 'ಟು ದಿ ಡೆಪ್ತ್ಸ್ ವಿ ಡಿಸೆಂಡ್' ಹೊರತಂದು ಬ್ಯಾಂಡನ್ನು ಮುಗಿಸಿದರು.

ಕೇಳುವ ಕ್ರಮ: 1995, 1993, ಆಮೇಲೆ 1992. ಫೋನಿನ ಸ್ಪೀಕರಿನಲ್ಲಂತೂ ಬೇಡ. ಅಷ್ಟು ಪುಟ್ಟ ಸ್ಪೀಕರ್ 41 ಹರ್ಟ್ಜನ್ನು ಎತ್ತಲಾರದು. ದಪ್ಪ ತಂತಿ ಮಾಯವಾಗಿ, ಉಳಿದ ಗೊರಗೊರ ಸದ್ದು ಕೆಟ್ಟ ಗಿಟಾರಿನಂತೆ ಕೇಳುತ್ತದೆ. "ಇದರಲ್ಲಿ ಗಿಟಾರ್ ಇದೆಯಲ್ಲ!" ಎಂದು ವಾದಕ್ಕೆ ಬರುವವರಲ್ಲಿ ಬಹಳ ಮಂದಿ ಹೀಗೆ ಕೇಳಿದವರೇ. ಕಿವಿ ಮುಚ್ಚುವ ಹೆಡ್‌ಫೋನ್ ಹಾಕಿ, ಬಾಸ್ ಬೂಸ್ಟ್ ಆಫ್ ಮಾಡಿ. ಬೂಸ್ಟ್ ಇದ್ದರೆ ಕಿಕ್ ಡ್ರಮ್ಮೂ ದಪ್ಪ ತಂತಿಯೂ ಒಂದಕ್ಕೊಂದು ಅಂಟಿಕೊಂಡು ತೆಳು ತಂತಿಯನ್ನು ಮುಚ್ಚಿಬಿಡುತ್ತವೆ.