ತೂಕವನ್ನು ಕೂಗಿ ಹೇಳಿದ ದಿನ

ಕೇರಳದ ಮಂಜೇಶ್ವರ ತಾಲೂಕಿನ ಒಂದು ಸಬ್ ಸೆಂಟರಿನಲ್ಲಿ ನಾನು ಜೆಪಿಎಚ್‌ಎನ್, ಅಂದರೆ ಜೂನಿಯರ್ ಪಬ್ಲಿಕ್ ಹೆಲ್ತ್ ನರ್ಸ್. ಅಂಗನವಾಡಿಯಲ್ಲಿ ಎನ್‌ಸಿಡಿ (ಬಿಪಿ, ಶುಗರಿನಂಥ ಹರಡದ ಕಾಯಿಲೆಗಳ) ಕ್ಲಿನಿಕ್ ಇದ್ದ ದಿನ ನಡೆದದ್ದು ಇದು. ಎರಡು ವರ್ಷವಾದರೂ ಮನಸ್ಸಿನಿಂದ ಹೋಗಿಲ್ಲ.

ಸಾಲಿನಲ್ಲಿ ಇಪ್ಪತ್ತು ಹೆಂಗಸರು. ಆ್ಯಪ್ ಸುಮ್ನೆ ತಿರುಗುತ್ತಲೇ ಇತ್ತು, ಟಾರ್ಗೆಟ್ ಎಲ್ಲಿಗಾಯಿತು ಅಂತ ಮೇಲಿನಿಂದ ಎರಡು ಸಲ ಫೋನ್ ಬಂದಿತ್ತು. ಬೀಡಿ ಕಟ್ಟುವ ಒಬ್ಬ ಅಕ್ಕ ಮೆಷಿನ್ ಹತ್ತಿದರು. ಬರೆದುಕೊಳ್ಳುತ್ತಿದ್ದ ಆಶಾ ಕಾರ್ಯಕರ್ತೆಗೆ "78" ಅಂತ ಕೂಗಿ ಹೇಳಿದೆ. ಟೇಪ್ ಹಿಡಿದು "ಸೊಂಟ 98" ಅಂದೆ. ಅಷ್ಟಕ್ಕೇ ನಿಲ್ಲಿಸಬೇಕಿತ್ತು. "80ರ ಒಳಗೆ ಇರಬೇಕು ಅಕ್ಕ, ಪೊರೋಟ, ಬೇಕರಿ ತಿಂಡಿ ಎಲ್ಲ ಕಡಿಮೆ ಮಾಡಿ" ಅಂದುಬಿಟ್ಟೆ.

ಹಿಂದೆ ಯಾರೋ ನಕ್ಕರು. ಅಕ್ಕ ಮಾತಾಡಲಿಲ್ಲ. ಚಪ್ಪಲಿ ಹಾಕಲು ಬಾಗಿದವರು ಸ್ವಲ್ಪ ಹೊತ್ತು ತಲೆ ಎತ್ತಲೇ ಇಲ್ಲ. ಬಿಪಿ ನೋಡಿಸಲಿಲ್ಲ, ಶುಗರ್ ನೋಡಿಸಲಿಲ್ಲ, ಹೊರಟೇ ಹೋದರು. ಕರೆಯಬೇಕು ಅನ್ನಿಸಿತು, ಬಾಯಿ ಬರಲಿಲ್ಲ. ಅವರ ಹಿಂದೆಯೇ ಇನ್ನೂ ಮೂವರು ಎದ್ದರು. ಆಶಾ ಪೆನ್ನು ಹಿಡಿದು ನನ್ನ ಮುಖ ನೋಡುತ್ತಿದ್ದರು, ನಾನು ಟೇಪ್ ಸುತ್ತುತ್ತಾ ಇದ್ದೆ.

ಮರುವಾರ ಅವರ ಮನೆಗೆ ಹೋದೆ. ತಡ್ಪೆ (ಮೊರ) ತೊಡೆಯ ಮೇಲಿಟ್ಟು ಬೀಡಿ ಕಟ್ಟುತ್ತಿದ್ದರು. ತಪ್ಪಾಯಿತು ಅಂದೆ. ನಿನ್ನೆ ಬೆಳಗ್ಗೆಯಿಂದ ಏನೇನು ತಿಂದಿರಿ ಅಂತ ಆಗ ಕೇಳಿದೆ. ಬೆಳಗ್ಗೆ ಸಕ್ಕರೆ ಚಾ, ಎರಡು ರಸ್ಕ್. ಎದ್ದರೆ ಬೀಡಿಯ ಲೆಕ್ಕ ತಪ್ಪುತ್ತದೆ, ಹಾಗಾಗಿ ಮಧ್ಯೆ ಮತ್ತೆ ಮೂರು ಚಾ. ಅನ್ನ ಉಣ್ಣುವಾಗ ಮೂರು ಗಂಟೆ. ರಾತ್ರಿ ಹತ್ತಕ್ಕೆ, ಮಕ್ಕಳು ತಟ್ಟೆಯಲ್ಲಿ ಬಿಟ್ಟದ್ದು ಮತ್ತು ಪಾತ್ರೆಯ ತಳದಲ್ಲಿ ಉಳಿದದ್ದು ಎಲ್ಲ ಸೇರಿಸಿ. "ಚೆಲ್ಲುವುದು ಹೇಗೆ ಸಿಸ್ಟರೇ?" ಪೊರೋಟ ತಿನ್ನದೆ ತಿಂಗಳಾಗಿತ್ತು.

ಅತ್ತೆ ಒಳಗಿನಿಂದಲೇ ಹೇಳಿದರು: "ನಾವು ಮೂರು ಹೊತ್ತೂ ಕುಚ್ಚಿಲಕ್ಕಿ ಗಂಜಿ ಉಂಡವರು ಮಗಳೇ. ನಾಟಿ, ಭತ್ತ ಕುಟ್ಟುವುದು, ಬಾವಿಯಿಂದ ನೀರು, ಕೂರಲಿಕ್ಕೆ ಹೊತ್ತೆಲ್ಲಿತ್ತು?" ಆ ಗದ್ದೆ ಈಗ ಅಡಿಕೆ ತೋಟ. ನೀರು ಪಂಪಿನದ್ದು. ಗಂಜಿಯ ಜೊತೆಗಿದ್ದ ಬಸಳೆ, ಹುರುಳಿ ಹೋಗಿ ಅನ್ನ ಮಾತ್ರ ಉಳಿದಿದೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕೇರಳದಲ್ಲಿ ತೂಕ ಜಾಸ್ತಿ ಇದ್ದ ಹೆಂಗಸರು 2015-16ರಲ್ಲಿ ಶೇಕಡಾ 32.4, 2019-21ಕ್ಕೆ 38.1. ಟ್ರೈನಿಂಗಿನಲ್ಲಿ ಇದನ್ನು ಕೇಳಿ, ಹೊರಗಿನ ತಿಂಡಿಯೇ ಕಾರಣ ಅಂತ ನಾನೇ ತೀರ್ಮಾನ ಮಾಡಿಕೊಂಡಿದ್ದೆ. ಯಾರ ಅಡುಗೆಮನೆಯನ್ನೂ ವಿಚಾರಿಸಿರಲಿಲ್ಲ.

ಈಗ ಮೆಷಿನ್ ಪರದೆಯ ಹಿಂದೆ ಇದೆ, ತೂಕ ಚೀಟಿಯಲ್ಲಿ ಬರೆದು ಅವರ ಕೈಗೇ ಕೊಡುತ್ತೇನೆ. ಎಷ್ಟು ಹೊತ್ತಿಗೆ ಉಣ್ಣುತ್ತಾರೆ ಅಂತ ಬರೆಯಲು ಆ್ಯಪ್‌ನಲ್ಲಿ ಜಾಗವೇ ಇಲ್ಲ. ರಿವ್ಯೂ ಮೀಟಿಂಗಿನಲ್ಲಿ ಎರಡು ಸಲ ಹೇಳಿದೆ, ಯಾರೂ ಬರೆದುಕೊಳ್ಳಲಿಲ್ಲ. ನನ್ನ ಡೈರಿಯಲ್ಲಿ ಬರೆಯುತ್ತೇನೆ.

ಅಕ್ಕ ಆ ದಿನ ಮನೆಯಲ್ಲಿ ಚಾ ಕೊಟ್ಟರು, ಆದರೆ ಶುಗರ್ ನೋಡಲು ಬೆರಳು ಕೊಡಲಿಲ್ಲ. ಕ್ಲಿನಿಕ್‌ಗೆ ಬಂದದ್ದು ಐದು ತಿಂಗಳಾದ ಮೇಲೆ. ಶುಗರ್ 286 ಇತ್ತು.