ಪೋಸ್ಟ್‌ಗ್ರೆಸ್ ಕನೆಕ್ಟ್ ಆಗದಿದ್ದರೆ ಮೊದಲು ಎರರ್ ಓದಿ, ಬಾಗಿಲು ತೆರೆಯಬೇಡಿ

"ಸರ, ಸಾಫ್ಟ್‌ವೇರ್ ತಗೀವಲ್ದು, ರೈತರು ಪಟ್ಟಿಗೆ ಕಾಯಾಕತ್ತಾರ." ಸುಗ್ಗಿಯಲ್ಲಿ ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಯಿಂದಲೋ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಿಂದಲೋ ಸಪೋರ್ಟ್‌ಗೆ ಬರುವ ಫೋನು ಇದು. ಬಿಲ್ಲಿಂಗ್ ಸಾಫ್ಟ್‌ವೇರ್ ತನ್ನ ಲೆಕ್ಕವಿಡುವ ಡೇಟಾಬೇಸ್ ಆದ ಪೋಸ್ಟ್‌ಗ್ರೆಸ್‌ಗೆ ಕನೆಕ್ಟ್ ಆಗುತ್ತಿಲ್ಲ. ಈ ಗಡಿಬಿಡಿಯಲ್ಲಿ ಹಲವರು, ಯಾರು ಎಲ್ಲಿಂದ ಕನೆಕ್ಟ್ ಆಗಬಹುದು ಎಂದು ಹೇಳುವ ಪಿಜಿ_ಎಚ್‌ಬಿಎ.ಕಾನ್ಫ್ ಫೈಲ್ ತೆರೆದು, ಎಲ್ಲ ಡೇಟಾಬೇಸ್, ಎಲ್ಲ ಯೂಸರ್, 0.0.0.0/0 (ಯಾವ ಐಪಿಯಿಂದಾದರೂ), ಟ್ರಸ್ಟ್ ಎಂದು ಒಂದು ಸಾಲು ಬರೆದುಬಿಡುತ್ತಾರೆ. ಪಟ್ಟಿ ಬರೆಯುವ ಕೆಲಸ ಮುಗಿದರೂ ಆ ಸಾಲು ಅಲ್ಲೇ ಉಳಿಯುತ್ತದೆ. ಟ್ರಸ್ಟ್ ಎಂದರೆ ಪಾಸ್‌ವರ್ಡ್ ಕೇಳುವುದೇ ಇಲ್ಲ. ಪೋಸ್ಟ್‌ಗ್ರೆಸ್‌ನ 5432 ಪೋರ್ಟ್ ಮುಟ್ಟಬಲ್ಲ ಯಾರಾದರೂ ಎಲ್ಲ ಹಕ್ಕಿರುವ ಸೂಪರ್‌ಯೂಸರ್ ಆಗಿಯೇ ಒಳಗೆ ಬರಬಹುದು. ಸೂಪರ್‌ಯೂಸರ್‌ಗೆ ಕಾಪಿ ಕಮಾಂಡ್‌ನ 'ಪ್ರೋಗ್ರಾಮ್' ಆಯ್ಕೆಯಿಂದ ಸರ್ವರ್ ಮೇಲೆ ಕಮಾಂಡ್ ಓಡಿಸಲೂ ಬರುತ್ತದೆ. ಆಗ ಹೋಗುವುದು ಲೆಕ್ಕದ ಪುಸ್ತಕವಷ್ಟೇ ಅಲ್ಲ.

ಇಷ್ಟು ಮಾಡುವ ಅಗತ್ಯವೇ ಇರುವುದಿಲ್ಲ. ಎಲ್ಲಿ ತಡೆಯಾಯಿತು ಎಂಬುದನ್ನು ಎರರ್ ತಾನೇ ಹೇಳುತ್ತದೆ.

'ಕನೆಕ್ಷನ್ ರಿಫ್ಯೂಸ್ಡ್' ಬಂದರೆ ಸಾಮಾನ್ಯವಾಗಿ ಸರ್ವಿಸ್ ನಿಂತಿದೆ, ಇಲ್ಲವೇ ಲಿಸನ್_ಅಡ್ರೆಸಸ್ ಸೆಟ್ಟಿಂಗ್ ಲೋಕಲ್‌ಹೋಸ್ಟ್‌ನಲ್ಲೇ ಇದೆ, ಅಂದರೆ ಸರ್ವರ್ ಹೊರಗಿನ ಕಂಪ್ಯೂಟರ್‌ಗಳ ಮಾತು ಕೇಳುತ್ತಿಲ್ಲ. ಟೈಮ್‌ಔಟ್ ಆದರೆ ಫೈರ್‌ವಾಲ್ ಅಥವಾ ತಪ್ಪು ಐಪಿ ನೋಡಿ. ಎರಡಕ್ಕೂ ಪಿಜಿ_ಎಚ್‌ಬಿಎಗೂ ಸಂಬಂಧವಿಲ್ಲ.

'ನೋ ಪಿಜಿ_ಎಚ್‌ಬಿಎ.ಕಾನ್ಫ್ ಎಂಟ್ರಿ' ಎಂದರೆ ಮಾತ್ರ ಆ ಫೈಲ್ ತೆರೆಯಬೇಕು. ಯಾವ ಐಪಿ, ಯಾವ ಯೂಸರ್, ಯಾವ ಡೇಟಾಬೇಸ್ ಎಂಬುದು ಆ ಎರರ್‌ನಲ್ಲೇ ಇರುತ್ತದೆ. ಅಂಗಡಿಯಲ್ಲಿ ಇದಕ್ಕೆ ಬಹುತೇಕ ಒಂದೇ ಕಾರಣ: ಕರೆಂಟ್ ಹೋಗಿ ಬಂದಮೇಲೆ ರೂಟರ್ ಕೌಂಟರ್ ಕಂಪ್ಯೂಟರ್‌ಗೆ ಬೇರೆ ಐಪಿ ಕೊಟ್ಟಿದೆ, ಫೈಲ್‌ನಲ್ಲಿ ಹಳೆಯ ಐಪಿ /32 (ಅದೊಂದೇ ಐಪಿ) ಎಂದು ಕೂತಿದೆ. ರೂಟರ್‌ನಲ್ಲಿ ಆ ಕಂಪ್ಯೂಟರ್‌ಗೆ ಐಪಿ ಕಾಯಂ ಮಾಡಿ. ಗದಗಿನಲ್ಲಿ ಬ್ರಾಂಚ್ ಇದ್ದರೆ 5432 ಅನ್ನು ಇಂಟರ್ನೆಟ್‌ಗೆ ಬಿಡದೆ ವಿಪಿಎನ್ ಹಾಕಿ, ವಿಪಿಎನ್ ಐಪಿಗಳಿಗೆ ಮಾತ್ರ ಸಾಲು ಬರೆಯಿರಿ.

ಈ ಫೈಲ್ ಅನ್ನು ಪೋಸ್ಟ್‌ಗ್ರೆಸ್ ಮೇಲಿನಿಂದ ಕೆಳಕ್ಕೆ ಓದುತ್ತದೆ. ಮೊದಲು ಹೊಂದಿದ ಸಾಲೇ ಅಂತಿಮ. ಅಲ್ಲಿ ಪಾಸ್‌ವರ್ಡ್ ತಪ್ಪಾದರೆ ಮುಂದಿನ ಸಾಲಿಗೆ ಹೋಗುವುದಿಲ್ಲ. ಹಾಗಾಗಿ ಮೇಲೆ ವಿಶಾಲವಾದ ಟ್ರಸ್ಟ್ ಸಾಲು ಇದ್ದರೆ, ಕೆಳಗೆ ಎಷ್ಟು ಬಿಗಿ ನಿಯಮ ಬರೆದರೂ ವ್ಯರ್ಥ. 'ಪಾಸ್‌ವರ್ಡ್ ಆಥೆಂಟಿಕೇಶನ್ ಫೇಲ್ಡ್' ಬಂದಾಗ ಸರ್ವರ್ ಲಾಗ್ ನೋಡಿ, ಎಷ್ಟನೇ ಸಾಲು ಹೊಂದಿತು ಎಂಬುದು ಅಲ್ಲಿರುತ್ತದೆ. ಫೈಲ್ ಬದಲಿಸಿದ ಮೇಲೆ ರೀಲೋಡ್ ಸಾಕು, ರೀಸ್ಟಾರ್ಟ್ ಬೇಡ. ರೀಲೋಡ್‌ಗೆ ಮೊದಲು ಪಿಜಿ_ಎಚ್‌ಬಿಎ_ಫೈಲ್_ರೂಲ್ಸ್ ವ್ಯೂನ ಎರರ್ ಕಾಲಂ ಖಾಲಿ ಇದೆಯೇ ನೋಡಿ.

ನಿಜವಾಗಿ ಕಾಡುವುದು 'ಟೂ ಮೆನಿ ಕ್ಲೈಂಟ್ಸ್'. ಒಮ್ಮೆಗೆ ಎಷ್ಟು ಕನೆಕ್ಷನ್ ಎಂಬ ಮಿತಿ, ಮ್ಯಾಕ್ಸ್_ಕನೆಕ್ಷನ್ಸ್, ಡೀಫಾಲ್ಟ್ 100. ಅದನ್ನು 500 ಮಾಡಿ ರೀಸ್ಟಾರ್ಟ್ ಕೊಟ್ಟರೆ ಸ್ವಲ್ಪ ಹೊತ್ತು ಆರಾಮ, ಆಮೇಲೆ ಅದೇ ಕಥೆ, ಜೊತೆಗೆ ಮೆಮೊರಿ ಒತ್ತಡ. ಮೂಲ ಹೆಚ್ಚಾಗಿ ಇಲ್ಲಿರುತ್ತದೆ: ಬಿಲ್ ಸ್ಕ್ರೀನ್ ತೆರೆದಾಗಲೇ ಟ್ರಾನ್ಸಾಕ್ಷನ್ (ಒಟ್ಟಿಗೇ ಸೇವ್ ಆಗುವ ಬದಲಾವಣೆಗಳ ಗುಂಪು) ಶುರು ಮಾಡುವ ಪ್ರೋಗ್ರಾಂ, ಸೇವ್ ಒತ್ತದೆ ಚಹಾಕ್ಕೆ ಎದ್ದುಹೋದ ಗುಮಾಸ್ತ. ಅವನ ಟ್ರಾನ್ಸಾಕ್ಷನ್ ಹಿಡಿದ ರೋ ಲಾಕ್ (ಟೇಬಲ್‌ನ ಸಾಲಿನ ಮೇಲಿನ ಬೀಗ) ಬಿಡುವವರೆಗೆ ಉಳಿದವರು ಕಾಯುತ್ತಾರೆ, ಕಾದು ಸಾಕಾದವರು ಸಾಫ್ಟ್‌ವೇರ್ ಮತ್ತೊಮ್ಮೆ ತೆರೆಯುತ್ತಾರೆ, ಕನೆಕ್ಷನ್ ತುಂಬುತ್ತದೆ.

ಈಗಿನ ಕನೆಕ್ಷನ್‌ಗಳನ್ನು ತೋರಿಸುವ ಪಿಜಿ_ಸ್ಟಾಟ್_ಆಕ್ಟಿವಿಟಿಯಲ್ಲಿ ಸ್ಟೇಟ್ 'ಐಡಲ್ ಇನ್ ಟ್ರಾನ್ಸಾಕ್ಷನ್' ಇರುವವರನ್ನು ಎಕ್ಸ್‌ಆಕ್ಟ್_ಸ್ಟಾರ್ಟ್ (xact_start, ಟ್ರಾನ್ಸಾಕ್ಷನ್ ಶುರುವಾದ ಸಮಯ) ಪ್ರಕಾರ ಹಳೆಯದು ಮೊದಲು ಬರುವಂತೆ ನೋಡಿ. ಕಾಯುತ್ತಿರುವವರ ಪಿಐಡಿಯನ್ನು (ಕನೆಕ್ಷನ್‌ನ ಪ್ರೋಸೆಸ್ ನಂಬರ್) ಪಿಜಿ_ಬ್ಲಾಕಿಂಗ್_ಪಿಡ್ಸ್‌ಗೆ ಕೊಟ್ಟರೆ ಯಾರು ತಡೆದಿದ್ದಾರೆ ಎಂದು ತಿಳಿಯುತ್ತದೆ. ಹುಡುಕುತ್ತ ಮೂಲಕ್ಕೆ ಹೋಗಿ, ಅದೊಂದನ್ನೇ ಪಿಜಿ_ಟರ್ಮಿನೇಟ್_ಬ್ಯಾಕೆಂಡ್‌ನಿಂದ ಮುಗಿಸಿ. ಪಿಜಿ_ಕ್ಯಾನ್ಸಲ್_ಬ್ಯಾಕೆಂಡ್ ಇಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ನಿಲ್ಲಿಸಲು ಅಲ್ಲಿ ಯಾವ ಕ್ವೆರಿಯೂ ಓಡುತ್ತಿಲ್ಲ. ಲಿನಕ್ಸ್‌ನಲ್ಲಿ 'ಕಿಲ್ -9' ಅಂತೂ ಕೊಡಲೇಬೇಡಿ: ಪೋಸ್ಟ್‌ಗ್ರೆಸ್ ಎಲ್ಲರ ಕನೆಕ್ಷನ್ ಕಡಿದು ಕ್ರ್ಯಾಶ್ ರಿಕವರಿಗೆ ಇಳಿಯುತ್ತದೆ. ಆಮೇಲೆ ಆ್ಯಪ್‌ನ ಯೂಸರ್‌ಗೆ ಐಡಲ್_ಇನ್_ಟ್ರಾನ್ಸಾಕ್ಷನ್_ಸೆಷನ್_ಟೈಮ್‌ಔಟ್ 5 ನಿಮಿಷ ಇಡಿ. ಡೀಫಾಲ್ಟ್ 0, ಅಂದರೆ ಮಿತಿಯೇ ಇಲ್ಲ. ಯೂಸರ್ ಮಟ್ಟದಲ್ಲಿ ಇಟ್ಟ ಮಿತಿ ಹೊಸ ಕನೆಕ್ಷನ್‌ಗಳಿಗಷ್ಟೇ ಅನ್ವಯ. ಪ್ರೋಗ್ರಾಂ ಬರೆದವರು ಟ್ರಾನ್ಸಾಕ್ಷನ್ ಅನ್ನು ಸೇವ್ ಒತ್ತಿದಾಗ ಶುರು ಮಾಡುವಂತೆ ತಿದ್ದುವುದೇ ಪೂರ್ತಿ ಪರಿಹಾರ.

ಸೆಕ್ಯೂರಿಟಿ ಮತ್ತು ದುರಸ್ತಿ ಒಂದೇ ಕೆಲಸ ಎನ್ನುವುದು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಆ 100ರಲ್ಲಿ 3 ಜಾಗ ಸೂಪರ್‌ಯೂಸರ್‌ಗೆ ಮೀಸಲು, ಇಂಥ ಹೊತ್ತಿನಲ್ಲಿ ಅಡ್ಮಿನ್ ಒಳಗೆ ಬರಲಿ ಎಂದೇ. ಬಿಲ್ಲಿಂಗ್ ಸಾಫ್ಟ್‌ವೇರ್ ಅನ್ನೇ ಸೂಪರ್‌ಯೂಸರ್ ಆದ 'ಪೋಸ್ಟ್‌ಗ್ರೆಸ್' ಯೂಸರ್‌ನಿಂದ ಓಡಿಸಿದರೆ ಆ 3 ಜಾಗವನ್ನೂ ಅದೇ ತಿಂದುಹಾಕುತ್ತದೆ. ಪಿಜಿ_ಸ್ಟಾಟ್_ಆಕ್ಟಿವಿಟಿ ನೋಡಲೂ ದಾರಿ ಇರುವುದಿಲ್ಲ. ಆ್ಯಪ್‌ಗೆ ಬೇರೆ ಯೂಸರ್ ಮಾಡಿ, ಬೇಕಾದ ಟೇಬಲ್‌ಗಳ ಸೆಲೆಕ್ಟ್, ಇನ್ಸರ್ಟ್, ಅಪ್‌ಡೇಟ್ ಹಕ್ಕು ಕೊಡಿ, ಕ್ರಮಸಂಖ್ಯೆ ಕೊಡುವ ಸೀಕ್ವೆನ್ಸ್‌ಗಳ ಯೂಸೇಜ್ ಹಕ್ಕು ಮರೆಯಬೇಡಿ.

ಪಾಸ್‌ವರ್ಡ್ ವಿಧಾನ ಸ್ಕ್ರ್ಯಾಮ್-ಎಸ್‌ಎಚ್‌ಎ-256 ಇರಲಿ. 2021ರ 14ನೇ ಆವೃತ್ತಿಯಿಂದ ಅದೇ ಡೀಫಾಲ್ಟ್. ಆದರೆ ಸೆಟ್ಟಿಂಗ್ ಬದಲಿಸಿದರೆ ಹಳೆಯ ಪಾಸ್‌ವರ್ಡ್‌ಗಳು ತಾವಾಗಿ ಬದಲಾಗುವುದಿಲ್ಲ. ಯೂಸರ್‌ಗಳ ಪಾಸ್‌ವರ್ಡ್ ಇರುವ ಪಿಜಿ_ಆಥ್‌ಐಡಿ ಟೇಬಲ್‌ನಲ್ಲಿ ರೋಲ್‌ಪಾಸ್‌ವರ್ಡ್ ಹಳೆಯ ವಿಧಾನವಾದ 'ಎಂಡಿ5' ಎಂದು ಶುರುವಾಗುವ ಯೂಸರ್‌ಗಳನ್ನು ಹುಡುಕಿ, ಪ್ರತಿಯೊಬ್ಬರಿಗೂ ಪಾಸ್‌ವರ್ಡ್ ಹೊಸದಾಗಿ ಕೊಡಿ. ಅದಕ್ಕೂ ಮೊದಲು ಕೌಂಟರ್ ಕಂಪ್ಯೂಟರ್‌ಗಳಲ್ಲಿ ಸಾಫ್ಟ್‌ವೇರನ್ನು ಡೇಟಾಬೇಸ್‌ಗೆ ಜೋಡಿಸುವ ಓಡಿಬಿಸಿ ಡ್ರೈವರ್ ಸ್ಕ್ರ್ಯಾಮ್ ತಿಳಿದದ್ದೇ ಎಂದು ಖಾತ್ರಿ ಮಾಡಿಕೊಳ್ಳಿ. ಎಲ್ಲರದೂ ಮುಗಿಯುವವರೆಗೆ ಪಿಜಿ_ಎಚ್‌ಬಿಎಯಲ್ಲಿ 'ಎಂಡಿ5' ಎಂದೇ ಬಿಡಬಹುದು, ಸ್ಕ್ರ್ಯಾಮ್ ಪಾಸ್‌ವರ್ಡ್ ಇರುವವರಿಗೆ ಪೋಸ್ಟ್‌ಗ್ರೆಸ್ ತಾನೇ ಸ್ಕ್ರ್ಯಾಮ್ ಬಳಸುತ್ತದೆ. 'ಎಂಡಿ5' ಪಾಸ್‌ವರ್ಡ್‌ನವರು ಒಬ್ಬರೂ ಉಳಿಯದಾಗ ಆ ಸಾಲನ್ನು ಸ್ಕ್ರ್ಯಾಮ್-ಎಸ್‌ಎಚ್‌ಎ-256ಕ್ಕೆ ಬದಲಿಸಿ ರೀಲೋಡ್ ಕೊಡಿ.